ಬಿನೋದ್ ಬಿಹಾರಿ ಮುಖರ್ಜಿ: ಅಂಗೈಯಗಲ ನೋಡುತ್ತ ಗೋಡೆಯಗಲ ಬರೆದವರು

ಬಿನೋದ್ ಬಿಹಾರಿ ಮುಖರ್ಜಿ ಎಂದರೆ ಕಣ್ಣು ಕಳೆದುಕೊಂಡ ಮೇಲೂ ಚಿತ್ರ ಬಿಡಿಸಿದ ಕಲಾವಿದ ಎಂದೇ ಬಹಳ ಜನರಿಗೆ ಗೊತ್ತು. ಅದು ಸುಳ್ಳಲ್ಲ. 1957ರಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಫಲಿಸದೆ ಅವರ ದೃಷ್ಟಿ ಪೂರ್ತಿ ಹೋಯಿತು. ಅದಾದ ಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಅವರು ಕಾಗದ ಕತ್ತರಿಸಿ ಚಿತ್ರ ಮಾಡಿದರು, ಗೆರೆ ಎಳೆದರು, ಮೇಣದಲ್ಲಿ ಆಕೃತಿ ಮಾಡಿದರು, ಶಾಂತಿನಿಕೇತನದಲ್ಲಿ ಪಾಠ ಹೇಳಿದರು. ಆದರೆ ಇದನ್ನೊಂದು ಪವಾಡದ ಕಥೆಯಂತೆ ಹೇಳಿ ಮುಗಿಸಿದರೆ ಅವರ ಕೆಲಸ ನಮಗೆ ಅರ್ಥವಾಗುವುದಿಲ್ಲ. ಕಣ್ಣು ಹೋಗುವ ಮೊದಲೇ, ಮೂವತ್ತು ವರ್ಷಗಳ ದುಡಿಮೆಯಲ್ಲಿ, ಕಣ್ಣನ್ನು ಪೂರ್ತಿ ನಂಬದೆ ಚಿತ್ರ ಕಟ್ಟುವ ಒಂದು ಕ್ರಮವನ್ನು ಅವರು ರೂಢಿಸಿಕೊಂಡಿದ್ದರು. ಆ ಕ್ರಮ ಏನೆಂದು ತಿಳಿಯಬೇಕಾದರೆ ಅವರ ಕಣ್ಣಿನ ಸ್ಥಿತಿ, ಸುಣ್ಣದ ಗೋಡೆಯ ರಸಾಯನ, ಶಾಂತಿನಿಕೇತನದ ಕಲಾಶಾಲೆಯಾದ ಕಲಾಭವನದ ಕಲಿಕೆ, ಈ ಮೂರನ್ನೂ ಒಟ್ಟಿಗೆ ನೋಡಬೇಕು.

ಒಂದೇ ಕಣ್ಣು, ಅದೂ ಹತ್ತಿರದ್ದಕ್ಕೆ ಮಾತ್ರ

ಅವರು ಹುಟ್ಟಿದ್ದು 1904ರ ಫೆಬ್ರವರಿ 7ರಂದು, ಕಲ್ಕತ್ತೆಯ ಬೆಹಾಲಾದಲ್ಲಿ. ಒಂದು ಕಣ್ಣು ಕಾಣುತ್ತಲೇ ಇರಲಿಲ್ಲ. ಇನ್ನೊಂದಕ್ಕೆ ತೀವ್ರವಾದ ಸಮೀಪದೃಷ್ಟಿ ದೋಷ. ದೇಹವೂ ಗಟ್ಟಿಮುಟ್ಟಾದದ್ದಲ್ಲ. ಹೀಗಾಗಿ ಮಾಮೂಲಿ ಶಾಲೆಯ ಓದು ನೆಟ್ಟಗೆ ಸಾಗಲಿಲ್ಲ. 1917ರ ಹೊತ್ತಿಗೆ ರವೀಂದ್ರನಾಥ ಠಾಕೂರರ ಶಾಂತಿನಿಕೇತನದ ಶಾಲೆಗೆ ಬಂದರು. 1919ರಲ್ಲಿ ಅಲ್ಲಿ ಕಲಾಭವನ ಶುರುವಾದಾಗ ಮೊದಲ ವಿದ್ಯಾರ್ಥಿಗಳಲ್ಲಿ ಒಬ್ಬರಾದರು. ಇಷ್ಟು ಕಡಿಮೆ ದೃಷ್ಟಿಯ ಹುಡುಗ ಚಿತ್ರಕಲೆ ಕಲಿಯಬಲ್ಲನೇ ಎಂದು ಗುರು ನಂದಲಾಲ್ ಬೋಸರಿಗೆ ಅನುಮಾನವಿತ್ತು. ಹುಡುಗನಿಗೆ ಆಸಕ್ತಿಯಿದ್ದು ನಿಷ್ಠೆಯಿಂದ ಕೂತು ಕೆಲಸ ಮಾಡುವುದಾದರೆ ತಡೆಯಬೇಡಿ, ಅವನ ದಾರಿ ಅವನು ಹುಡುಕಿಕೊಳ್ಳಲಿ ಎಂಬ ಅರ್ಥದ ಮಾತು ಹೇಳಿ ರವೀಂದ್ರರು ಅವರನ್ನು ಉಳಿಸಿಕೊಂಡರು.

ತೀವ್ರ ಸಮೀಪದೃಷ್ಟಿ ಎಂದರೆ ಎಷ್ಟು? ಮೈನಸ್ ಹತ್ತು ಪವರಿನ ಕಣ್ಣು ಕನ್ನಡಕವಿಲ್ಲದೆ ಸ್ಪಷ್ಟವಾಗಿ ಕಾಣುವುದು ಹತ್ತು ಸೆಂಟಿಮೀಟರ್ ದೂರದವರೆಗೆ. ಅದರಾಚೆಗೆ ಎಲ್ಲವೂ ಮಸುಕು. ಕನ್ನಡಕ ದೂರವನ್ನು ಸ್ವಲ್ಪ ಹತ್ತಿರಕ್ಕೆ ತರುತ್ತದೆ, ಆದರೆ ವಸ್ತುಗಳು ಚಿಕ್ಕದಾಗಿ ಕಾಣುತ್ತವೆ, ಅಂಚಿನಲ್ಲಿ ಬಾಗುತ್ತವೆ. ಕಾಣುವ ಕಣ್ಣು ಒಂದೇ ಆದಾಗ ಇನ್ನೊಂದು ತೊಡಕು ಸೇರಿಕೊಳ್ಳುತ್ತದೆ. ಎರಡು ಕಣ್ಣಿನ ಚಿತ್ರಗಳು ಬೆರೆತು ಹುಟ್ಟುವ ಆಳದ ಅರಿವು ಸಿಗುವುದಿಲ್ಲ. ಯಾವುದು ಮುಂದೆ, ಯಾವುದು ಹಿಂದೆ ಎನ್ನುವುದನ್ನು ಒಂದರ ಮೇಲೊಂದು ಮುಚ್ಚಿಕೊಂಡಿರುವುದನ್ನು ನೋಡಿ ಊಹಿಸಬೇಕು, ಇಲ್ಲವೇ ನಡೆದು ಹೋಗಿ, ಮುಟ್ಟಿ ತಿಳಿಯಬೇಕು.

ಇಂಥವರಿಗೆ ಯುರೋಪಿನ ಶಾಲಾ ಕ್ರಮದ ಚಿತ್ರ ಬಹಳ ಕಷ್ಟ. ಒಂದು ಜಾಗದಲ್ಲಿ ನಿಂತು, ದೂರದ ಬಿಂದುವಿನಲ್ಲಿ ಗೆರೆಗಳೆಲ್ಲ ಕೂಡುವಂತೆ, ಇಡೀ ನೋಟವನ್ನು ಒಂದೇ ಸಲಕ್ಕೆ ಹಿಡಿಯುವುದು ಆ ಕ್ರಮ. ಆಗಿನ ಸರ್ಕಾರಿ ಕಲಾಶಾಲೆಗಳಲ್ಲಿ ಪ್ಲಾಸ್ಟರ್ ಮೂರ್ತಿಗಳನ್ನು ಮುಂದಿಟ್ಟು ನೆರಳು-ಬೆಳಕು ತಿದ್ದಿಸುತ್ತಿದ್ದುದೂ ಇದನ್ನೇ. ಅಂಥ ಶಾಲೆಗೆ ಸೇರಿದ್ದರೆ ಬಿನೋದ್ ಬಿಹಾರಿ ಮೊದಲ ವರ್ಷವೇ ಹೊರಬೀಳುತ್ತಿದ್ದರು ಎಂದು ಧಾರಾಳವಾಗಿ ಹೇಳಬಹುದು. ಕಲಾಭವನದಲ್ಲಿ ಪಠ್ಯಕ್ರಮದ ಬಿಗಿ ಇರಲಿಲ್ಲ. ಹೊರಗೆ ಹೋಗಿ ನೋಡು, ಬಂದು ನೆನಪಿನಿಂದ ಬರೆ ಎನ್ನುವುದು ನಂದಲಾಲರ ಪಾಠದ ಮುಖ್ಯ ಭಾಗ. ಮರದ ಎಲೆಗಳನ್ನು ಎಣಿಸುವ ಮೊದಲು ಕಾಂಡ ಹೇಗೆ ಎದ್ದಿದೆ, ಕೊಂಬೆ ಎಲ್ಲಿ ತಿರುಗಿದೆ ಎನ್ನುವ ರಚನೆ ಮನಸ್ಸಿಗೆ ಬರಬೇಕಿತ್ತು. (ಇದೇ ನಂದಲಾಲರು ಅವನೀಂದ್ರನಾಥ ಠಾಕೂರರ ಕೈಕೆಳಗೆ ಕಲ್ಕತ್ತೆಯಲ್ಲಿ ಕಲಿಯುತ್ತಿದ್ದಾಗ ಜೊತೆಯಲ್ಲಿದ್ದವರು ನಮ್ಮ ಕೆ. ವೆಂಕಟಪ್ಪ. ಒಂದೇ ಗರಡಿಯಿಂದ ಹೊರಟ ಇಬ್ಬರು ಎಷ್ಟು ಬೇರೆ ದಾರಿ ಹಿಡಿದರು ಎನ್ನುವುದು ಇನ್ನೊಂದು ಲೇಖನದ ವಸ್ತು.)

ಬಿನೋದ್ ಬಿಹಾರಿ ತಮಗೆ ಒಗ್ಗುವ ರೂಪವನ್ನು ಬೇಗ ಕಂಡುಕೊಂಡರು: ಸುರುಳಿಚಿತ್ರ. ಇಪ್ಪತ್ತರ ಹರೆಯದಲ್ಲೇ, 1924ರಲ್ಲಿ, ಶಾಂತಿನಿಕೇತನದ ಸುತ್ತಿನ ನೋಟಗಳನ್ನು ಕೆಲವೇ ಅಂಗುಲ ಅಗಲದ, ನಲವತ್ತು ಅಡಿ ಮೀರಿದ ಉದ್ದನೆಯ ಸುರುಳಿಯಲ್ಲಿ ಬರೆದರು. ಚೀನಾ, ಜಪಾನಿನ ಕೈಸುರುಳಿಯನ್ನು ಗೋಡೆಗೆ ತೂಗುಹಾಕಿ ನೋಡುವುದಿಲ್ಲ. ಮೇಜಿನ ಮೇಲಿಟ್ಟು, ಒಂದು ಕೈಯಲ್ಲಿ ಬಿಚ್ಚುತ್ತ ಇನ್ನೊಂದು ಕೈಯಲ್ಲಿ ಸುತ್ತಿಕೊಳ್ಳುತ್ತ, ಒಂದು ಸಲಕ್ಕೆ ಒಂದೆರಡು ಅಡಿ ಮಾತ್ರ ನೋಡುತ್ತಾರೆ. ಇಡೀ ಚಿತ್ರ ಯಾರಿಗೂ ಒಟ್ಟಿಗೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ. ಹತ್ತಿರದಿಂದ, ತುಂಡು ತುಂಡಾಗಿ, ಕಾಲಕ್ರಮದಲ್ಲಿ ನೋಡುವವನ ರೂಪ ಇದು. ಕಣ್ಣಿನ ಕೊರತೆಯಿಂದ ಈ ರೂಪಕ್ಕೆ ಹೋದರು ಎಂದಷ್ಟೇ ಹೇಳಿದರೆ ಅನ್ಯಾಯವಾದೀತು. ಕಣ್ಣು ನೆಟ್ಟಗಿದ್ದ ಎಷ್ಟೋ ಮಹಾ ಕಲಾವಿದರು ಶತಮಾನಗಳ ಕಾಲ ಬೆಳೆಸಿದ ರೂಪದಲ್ಲಿ ತನ್ನ ನೋಟಕ್ಕೂ ಜಾಗವಿದೆ ಎಂದು ಅವರು ಗುರುತಿಸಿದರು. 1930ರ ದಶಕದ ಉತ್ತರಾರ್ಧದಲ್ಲಿ ಜಪಾನಿಗೆ ಹೋಗಿ ಅಲ್ಲಿನ ಹಳೆಯ ಚಿತ್ರಕಾರ ಸೊಟಾಟ್ಸುವಿನಂಥವರ ಕೃತಿಗಳನ್ನೂ ಹಳೆಯ ಸುರುಳಿಗಳನ್ನೂ ಎದುರಿಗೇ ನೋಡಿ ಬಂದ ಮೇಲೆ ಈ ತಿಳಿವಳಿಕೆ ಇನ್ನಷ್ಟು ಗಟ್ಟಿಯಾಯಿತು.

ವಸ್ತು ಮಾತ್ರ ಪೂರ್ತಿ ಸ್ಥಳೀಯ. ಬೀರ್‌ಭೂಮ್ ಜಿಲ್ಲೆಯ ಕೆಂಪು ಜಂಬಿಟ್ಟಿಗೆ ನೆಲ ಮಳೆಗೆ ಕೊರೆದು ಕೊರೆದು ಆದ ಕೊರಕಲುಗಳಿಗೆ ಅಲ್ಲಿ ಖೋಯಾಯ್ ಎನ್ನುತ್ತಾರೆ. ಆ ಕೊರಕಲು, ಒಂಟಿ ತಾಳೆಮರ, ಸಂತಾಲ ಆದಿವಾಸಿಗಳ ಹಟ್ಟಿ, ಕೆರೆ, ಎಮ್ಮೆ. ಅವರ ಗುರುಗಳ ಪೀಳಿಗೆ ಪುರಾಣ, ಇತಿಹಾಸದ ಕಥೆಗಳಲ್ಲಿ ದೇಶವನ್ನು ಹುಡುಕುತ್ತಿದ್ದಾಗ ಇವರು ಹಾಸ್ಟೆಲಿನಿಂದ ನಡೆದುಹೋಗುವಷ್ಟು ದೂರದ ನೆಲವನ್ನೇ ಮತ್ತೆ ಮತ್ತೆ ಬರೆದರು.

ಮಾಡಿಗೆ ಒಂದು ಕೆರೆ

1925ರಲ್ಲಿ ಕಲಾಭವನದಲ್ಲೇ ಅಧ್ಯಾಪಕರಾದರು. ಗ್ರಂಥಾಲಯ, ವಸ್ತುಸಂಗ್ರಹದ ಕೆಲಸವನ್ನೂ ನೋಡಿಕೊಂಡರು. ನಿತ್ಯವೂ ಚಿತ್ರದ ಪುಸ್ತಕ, ಪ್ರತಿಕೃತಿಗಳ ನಡುವೆ ಕಳೆದ ಆ ವರ್ಷಗಳೇ ಮುಂದೆ ಅವರ ತಲೆಯೊಳಗಿನ ಸಂಗ್ರಹಾಲಯವಾದವು.

1940ರಲ್ಲಿ ಕಲಾಭವನದ ವಿದ್ಯಾರ್ಥಿನಿಲಯದ ಮಾಡಿನ (ಚಾವಣಿಯ) ಒಳಮೈಗೆ ಅವರು ಬೀರ್‌ಭೂಮಿನ ಹಳ್ಳಿಯನ್ನು ಬರೆದರು. ಮಾಡಿನ ಚಿತ್ರಕ್ಕೆ ಒಂದು ಮೂಲ ಸಮಸ್ಯೆ ಇದೆ. ನೋಡುವವನು ಕೆಳಗೆ ಎಲ್ಲಿ ಬೇಕಾದರೂ ನಿಂತಿರಬಹುದು, ಮಂಚದ ಮೇಲೆ ಮಲಗಿರಬಹುದು. ಹಾಗಾಗಿ ‘ಮೇಲೆ’, ‘ಕೆಳಗೆ’ ಎನ್ನುವ ಒಂದೇ ದಿಕ್ಕು ಇಟ್ಟರೆ ಕೋಣೆಯ ಅರ್ಧ ಜನಕ್ಕೆ ಚಿತ್ರ ತಲೆಕೆಳಗು. ಬಿನೋದ್ ಬಿಹಾರಿ ನಟ್ಟನಡುವೆ ಒಂದು ಕೆರೆ ಇಟ್ಟರು. ಮರ, ಮನೆ, ಜನ, ಪ್ರಾಣಿಗಳನ್ನು ಅದರ ಸುತ್ತ ಎಲ್ಲ ದಿಕ್ಕಿಗೂ ಹರಡಿದರು. ಯಾವ ಮಂಚದಿಂದ ನೋಡಿದರೂ ಒಂದು ಭಾಗ ನೆಟ್ಟಗಿರುತ್ತದೆ, ಉಳಿದದ್ದು ಆ ಭಾಗದಿಂದ ಸುತ್ತಿಕೊಂಡು ಹೋಗುತ್ತದೆ. ಸುರುಳಿಯನ್ನು ವೃತ್ತವಾಗಿ ಬಗ್ಗಿಸಿದ ಹಾಗೆ ಇದರ ಲೆಕ್ಕ. ಆ ವರ್ಷ ಕಲಾಭವನಕ್ಕೆ ವಿದ್ಯಾರ್ಥಿಯಾಗಿ ಬಂದ ಸತ್ಯಜಿತ್ ರೇ ಅವರನ್ನು ಬೆರಗುಗೊಳಿಸಿದ ಚಿತ್ರ ಇದು. 1972ರಲ್ಲಿ ತಮ್ಮ ಗುರುವಿನ ಬಗ್ಗೆ ರೇ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿದರು. 1942ರಲ್ಲಿ ಬಿನೋದ್ ಬಿಹಾರಿ ಚೀನೀ ಅಧ್ಯಯನ ವಿಭಾಗವಾದ ಚೀನಾ ಭವನದ ಗೋಡೆಗೆ ಆಶ್ರಮದ ದಿನಚರಿಯನ್ನು ಬರೆದರು. ಅದರ ನಂತರ ಬಂದದ್ದು ಅವರ ಅತಿ ದೊಡ್ಡ ಕೆಲಸ.

ಹಸಿ ಗಾರೆಯ ಚಿತ್ರ ಹೇಗಾಗುತ್ತದೆ

1946-47ರಲ್ಲಿ ಶಾಂತಿನಿಕೇತನದ ಹಿಂದಿ ವಿಭಾಗವಾದ ಹಿಂದಿ ಭವನದ ಸಭಾಂಗಣದಲ್ಲಿ ಮೂರು ಗೋಡೆಗಳ ಮೇಲರ್ಧದಲ್ಲಿ, ಸುಮಾರು 80 ಅಡಿ ಉದ್ದಕ್ಕೆ, ಆಳೆತ್ತರ ಮೀರಿದ ಪಟ್ಟಿಯಾಗಿ ಅವರು ಮಧ್ಯಯುಗದ ಸಂತರನ್ನು ಬರೆದರು. ವಿಧಾನ ಹಸಿ ಗಾರೆಯದು, ಇಟಲಿಯವರ ಫ್ರೆಸ್ಕೊ. ಪೂರ್ಣ ಅಳತೆಯ ನಕ್ಷೆಯನ್ನು ಗೋಡೆಗೆ ಇಳಿಸಿಕೊಳ್ಳದೆ ನೇರವಾಗಿ ಬರೆದರು. ಈ ಎರಡು ಸಂಗತಿ ಒಟ್ಟಿಗೆ ಸೇರಿದಾಗ ಎಷ್ಟು ಕಠಿಣ ಎನ್ನುವುದು ವಿಧಾನ ತಿಳಿದರೆ ಮಾತ್ರ ಗೊತ್ತಾಗುತ್ತದೆ.

ಅಜಂತಾದಲ್ಲಿ ಒಣಗಿದ ಲೇಪದ ಮೇಲೆ ಅಂಟು ಬೆರೆಸಿದ ಬಣ್ಣ ಹಚ್ಚಿದ್ದಾರೆ. ಅಲ್ಲಿ ಬಣ್ಣವನ್ನು ಹಿಡಿದಿರುವುದು ಅಂಟು. ಹಸಿ ಗಾರೆಯಲ್ಲಿ ಅಂಟೇ ಇಲ್ಲ. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಇಂಗಾಲದ ಡೈಆಕ್ಸೈಡ್ ಹೊರಟುಹೋಗಿ ಸುಟ್ಟ ಸುಣ್ಣ ಉಳಿಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ ಕುದಿದು ಅರಳುತ್ತದೆ. ಅರಳಿದ ಸುಣ್ಣವನ್ನು ಗಾರೆ ಮಾಡಿ ಗೋಡೆಗೆ ಬಳಿದಾಗ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಹೀಗೆ ಕಲ್ಲಾಗುತ್ತಿರುವಾಗಲೇ, ಬರೀ ನೀರಿನಲ್ಲಿ ಅರೆದ ಬಣ್ಣವನ್ನು ಮೇಲೆ ಹಚ್ಚಿದರೆ, ಗಾರೆಯೊಳಗಿನ ಸುಣ್ಣದ ನೀರು ಮೇಲಕ್ಕೆ ಬಂದು ಬಣ್ಣದ ಕಣಗಳ ಸುತ್ತ ತೆಳುವಾದ ಕಲ್ಲಿನ ಹರಳು ಕಟ್ಟುತ್ತದೆ. ಅಂದರೆ ಚಿತ್ರ ಗೋಡೆಯ ಮೇಲೆ ಇರುವುದಿಲ್ಲ, ಗೋಡೆಯ ಚರ್ಮವೇ ಆಗಿಬಿಡುತ್ತದೆ.

ಕೆಲಸದ ಕ್ರಮ ಹೀಗೆ. ಸುಣ್ಣವನ್ನು ಅರಳಿಸಿ ನೀರಿನಡಿ ಗುಂಡಿಯಲ್ಲಿ ತಿಂಗಳುಗಟ್ಟಲೆ ಬಿಡಬೇಕು. ವರ್ಷ ಕಳೆದರೆ ಇನ್ನೂ ಒಳ್ಳೆಯದು. ಅರಳದ ಒಂದು ಸಾಸಿವೆಯಷ್ಟು ಕಾಳು ಉಳಿದರೂ ಅದು ಗೋಡೆಯಲ್ಲಿ ಕೂತ ಮೇಲೆ ತೇವ ಹೀರಿ ಉಬ್ಬಿ, ಬಣ್ಣದ ಸಮೇತ ಒಂದು ಚಕ್ಕೆ ಹಾರಿಸುತ್ತದೆ. ಹೊಳೆಯ ಮರಳನ್ನು ತೊಳೆದು ತೊಳೆದು ಉಪ್ಪು, ಮಣ್ಣು ತೆಗೆಯಬೇಕು. ಉಪ್ಪು ಉಳಿದರೆ ಮುಂದೆ ಬಿಳಿ ಬೂದಿಯಾಗಿ ಚಿತ್ರದ ಮೇಲೆ ಏಳುತ್ತದೆ. ಒಳಗಿನ ಒರಟು ಗಾರೆಗೆ ಒಂದು ಪಾಲು ಸುಣ್ಣಕ್ಕೆ ಎರಡು, ಎರಡೂವರೆ ಪಾಲು ಮರಳು. ಅದು ಒಂದು ಸೆಂಟಿಮೀಟರಿಗಿಂತ ತುಸು ದಪ್ಪ. ಅದನ್ನು ವಾರಗಟ್ಟಲೆ ಒಣಗಲು ಬಿಡಬೇಕು. ಮೇಲಿನ ನಯ ಗಾರೆಗೆ ಸುಣ್ಣಕ್ಕೆ ಸಮ, ಇಲ್ಲವೇ ಒಂದೂವರೆ ಪಾಲು ನಯ ಮರಳು. ಅದರ ದಪ್ಪ ಮೂರರಿಂದ ಐದು ಮಿಲಿಮೀಟರ್. ಸುಣ್ಣ ಹೆಚ್ಚಾದರೆ ಒಣಗುವಾಗ ಕೂದಲೆಳೆ ಬಿರುಕು. ಮರಳು ಹೆಚ್ಚಾದರೆ ಬಣ್ಣ ಹಿಡಿಯುವಷ್ಟು ಸುಣ್ಣವೇ ಇರುವುದಿಲ್ಲ.

ನಯ ಗಾರೆಯನ್ನು ಆ ದಿನ ಬರೆದು ಮುಗಿಸುವಷ್ಟು ಜಾಗಕ್ಕೆ ಮಾತ್ರ ಬಳಿಯುತ್ತಾರೆ. ಹಿಂದಿನ ಸಂಜೆಯಿಂದಲೇ ಒರಟು ಗಾರೆಗೆ ನೀರು ಉಣಿಸಿರಬೇಕು. ಇಲ್ಲದಿದ್ದರೆ ಅದು ಹೊಸ ಗಾರೆಯ ನೀರನ್ನೆಲ್ಲ ಕುಡಿದುಬಿಡುತ್ತದೆ. ಕರಣೆಯಿಂದ ಬಳಿದು ಸಮ ಮಾಡಿದ ಮೇಲೆ ತಕ್ಷಣ ಕುಂಚ ಇಡುವಂತಿಲ್ಲ. ಇಟ್ಟರೆ ಸುಣ್ಣ ಎದ್ದು ಬಣ್ಣದೊಂದಿಗೆ ಕದಡಿ ಹಾಲಿನಂತಾಗುತ್ತದೆ. ಬೆರಳು ಒತ್ತಿದರೆ ಅಚ್ಚು ಬೀಳಬೇಕು, ಗಾರೆ ಬೆರಳಿಗೆ ಅಂಟಬಾರದು. ಆ ಹದ ಬರಲು ಅರ್ಧ ಗಂಟೆಯಿಂದ ಎರಡು ಗಂಟೆ. ಅಲ್ಲಿಂದ ಆರೆಂಟು ಗಂಟೆ ಗೋಡೆ ಬಣ್ಣ ಕುಡಿಯುತ್ತದೆ. ಬೇಸಿಗೆಯ ಒಣ ಗಾಳಿಗೆ ಈ ಅವಧಿ ಇನ್ನೂ ಕುಗ್ಗುತ್ತದೆ. ಹದ ದಾಟಿದ ಮೇಲೆ ಹಚ್ಚಿದ ಬಣ್ಣ ನೋಡಲು ಚೆನ್ನಾಗಿಯೇ ಕೂತಿರುತ್ತದೆ. ಆದರೆ ಒಣಗಿದ ಮೇಲೆ ಕೈ ಆಡಿಸಿದರೆ ಪುಡಿಯಾಗಿ ಉದುರುತ್ತದೆ.

ಬಣ್ಣಗಳ ಆಯ್ಕೆಯೂ ಸುಣ್ಣದ್ದೇ. ಸುಣ್ಣದ ಕ್ಷಾರ ಎಷ್ಟೋ ಬಣ್ಣಗಳನ್ನು ತಿಂದುಹಾಕುತ್ತದೆ, ಗಿಡಮೂಲದ ಬಣ್ಣಗಳಂತೂ ಉಳಿಯುವುದೇ ಇಲ್ಲ. ನಿಲ್ಲುವುದು ಮಣ್ಣಿನ ಬಣ್ಣಗಳು: ಕೆಮ್ಮಣ್ಣು, ಹಳದಿ ಮಣ್ಣು, ಹಸಿರು ಮಣ್ಣು, ಕಂದು, ಇದ್ದಿಲ ಕಪ್ಪು, ಬಿಳಿಗೆ ಸುಣ್ಣವೇ. ಹಸಿಯಲ್ಲಿ ಗಾಢವಾಗಿ ಕಂಡದ್ದು ಒಣಗಿದಾಗ ತಿಳಿಯಾಗುತ್ತದೆ. ನಿನ್ನೆಯ ತುಂಡಿಗೂ ಇವತ್ತಿನ ತುಂಡಿಗೂ ಬಣ್ಣ ಹೊಂದಬೇಕಾದರೆ ಒಣ ಗಾರೆಯ ಚೂರಿನ ಮೇಲೆ ಮೊದಲೇ ಹಚ್ಚಿ ನೋಡಿಕೊಳ್ಳಬೇಕು. ದಿನದ ಕೊನೆಗೆ ಬರೆಯದೆ ಉಳಿದ ಗಾರೆಯನ್ನು ಆಕೃತಿಯ ಅಂಚಿಗೆ ಸರಿಯಾಗಿ, ಓರೆಯಾಗಿ ಕತ್ತರಿಸಿ ತೆಗೆಯುತ್ತಾರೆ, ಮರುದಿನದ ಬೆಸುಗೆ ಬಟ್ಟೆಯ ಮಡಿಕೆಯಲ್ಲೋ ತೋಳಿನ ಗೆರೆಯಲ್ಲೋ ಅಡಗಲಿ ಎಂದು. ತಪ್ಪಾದರೆ ಅಳಿಸುವಂತಿಲ್ಲ. ಆ ತುಂಡನ್ನು ಕೆತ್ತಿ ತೆಗೆದು, ಹೊಸ ಗಾರೆ ಬಳಿದು, ಮೊದಲಿನಿಂದ ಬರೆಯಬೇಕು.

ಶಾಂತಿನಿಕೇತನದಲ್ಲಿ ಈ ವಿದ್ಯೆಗೆ ಒಂದು ಹಿನ್ನೆಲೆ ಇತ್ತು. 1920ರ ದಶಕದ ಕೊನೆಯ ಹೊತ್ತಿಗೆ ನಂದಲಾಲರು ಜೈಪುರದ ನರಸಿಂಗಲಾಲ್ ಎಂಬ ಕುಶಲಿಯನ್ನು ಕರೆಸಿ ಅಲ್ಲಿನ ಸುಣ್ಣದ ಭಿತ್ತಿಚಿತ್ರದ ಕ್ರಮವನ್ನು ವಿದ್ಯಾರ್ಥಿಗಳೊಂದಿಗೆ ತಾವೂ ಕಲಿತಿದ್ದರು. ಜೈಪುರದ ಕ್ರಮದಲ್ಲಿ ಅಮೃತಶಿಲೆಯ ಪುಡಿ ಸೇರಿಸಿದ ನಯ ಸುಣ್ಣಕ್ಕೆ ಬಣ್ಣ ಹಚ್ಚಿ, ಕರಣೆಯಿಂದ ಬಡಿದು ಕೂರಿಸಿ, ಅಕೀಕದ ಕಲ್ಲಿನಿಂದ ಉಜ್ಜಿ ಕನ್ನಡಿಯಂತೆ ಮಿರುಗಿಸುತ್ತಾರೆ. ಅದು ಸೊಗಸು, ಆದರೆ ನಿಧಾನ, ಗೆರೆ ಬಿಗಿಯಾಗುತ್ತದೆ. ಹಿಂದಿ ಭವನದಲ್ಲಿ ಬಿನೋದ್ ಬಿಹಾರಿಗೆ ಬೇಕಾಗಿದ್ದುದು ಕುಂಚದ ಓಟ. ಅದಕ್ಕೇ ಇಟಲಿಯ ಕ್ರಮ.

ನಕ್ಷೆಯಿಲ್ಲದೆ ಎಂಬತ್ತು ಅಡಿ

ದೊಡ್ಡ ಭಿತ್ತಿಚಿತ್ರ ಮಾಡುವವರು ಸಾಮಾನ್ಯವಾಗಿ ಪೂರ್ಣ ಅಳತೆಯ ನಕ್ಷೆ ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಇದ್ದಿಲ ಪುಡಿ ತಟ್ಟಿ ಗೋಡೆಗೆ ಇಳಿಸುತ್ತಾರೆ. ನಡುನಡುವೆ ದೂರ ಹೋಗಿ ನಿಂತು ಪ್ರಮಾಣ ಸರಿಯಿದೆಯೇ ಎಂದು ನೋಡುತ್ತಾರೆ. ಬಿನೋದ್ ಬಿಹಾರಿಗೆ ದೂರ ನಿಂತರೆ ಕಾಣುತ್ತಿದ್ದುದು ಮಸುಕು. ಗೋಡೆಗೆ ಮುಖ ತಾಗುವಷ್ಟು ಹತ್ತಿರ ನಿಂತರೆ ಕಾಣುತ್ತಿದ್ದುದು ಆ ದಿನದ ಗಾರೆಯ ಒಂದು ಭಾಗ. ಇಡೀ ರಚನೆ ಮನಸ್ಸಿನಲ್ಲಿ ಇದ್ದರೆ ಮಾತ್ರ ಈ ಕೆಲಸ ಸಾಧ್ಯ.

ಅದನ್ನು ಅವರು ಹೇಗೆ ಸಾಧಿಸಿದರು ಎನ್ನುವುದನ್ನು ಚಿತ್ರವೇ ತೋರಿಸಿಕೊಡುತ್ತದೆ. ರಾಮಾನುಜ, ಕಬೀರ, ಸೂರದಾಸ, ತುಲಸೀದಾಸ, ಗುರು ಗೋವಿಂದ ಸಿಂಗ್ ಮೊದಲಾದ ಮುಖ್ಯ ಆಕೃತಿಗಳು ಎತ್ತರವಾಗಿ, ಉದ್ದುದ್ದವಾಗಿ, ಕಂಬಗಳಂತೆ ಅಲ್ಲಲ್ಲಿ ನಿಲ್ಲುತ್ತವೆ. ಅವು ಅಳತೆಗೋಲು. ಎಲ್ಲಿ ಏನಿರಬೇಕು ಎನ್ನುವುದನ್ನು ಅವು ನಿಗದಿ ಮಾಡುತ್ತವೆ. ನಡುವಿನ ಜಾಗದಲ್ಲಿ ಬೇರೆ ಬೇರೆ ಗಾತ್ರದ ಜನ: ಹೊರೆ ಹೊತ್ತವರು, ತಾಯಂದಿರು, ಕೆಲಸಗಾರರು, ಕೇಳುತ್ತ ಕೂತವರು. ಇವರನ್ನು ಆ ದಿನದ ಹದ ನೋಡಿಕೊಂಡು ಹೆಚ್ಚು ಕಡಿಮೆ ಮಾಡಬಹುದು. ಹಿಂದೆ ಕಟ್ಟಡ, ಬೀದಿ, ನದಿ. ಆಳವನ್ನು ಒಂದು ಬಿಂದುವಿಗೆ ಎಳೆಯದೆ, ಒಂದರ ಮೇಲೊಂದು ಪದರವಾಗಿ ಜೋಡಿಸಿದ್ದಾರೆ. ಒಂದೇ ಕಣ್ಣಿನವರು ಲೋಕದ ಆಳವನ್ನು ಅರಿಯುವುದೂ ಹೀಗೆ ಎಂದು ಮೇಲೆ ಹೇಳಿದ್ದೇನೆ. ನೋಡುವವನು ಕೋಣೆಯ ನಡುವೆ ನಿಂತರೆ ಸಾಲದು, ಗೋಡೆಯ ಜೊತೆ ನಡೆಯಬೇಕು. ಆಗ ಗುಂಪು ತೆರೆದುಕೊಳ್ಳುತ್ತದೆ, ಮುಚ್ಚಿಕೊಳ್ಳುತ್ತದೆ, ಮುಂದಿನ ಸಂತ ಎದುರಾಗುತ್ತಾನೆ. ನನ್ನ ಮಟ್ಟಿಗೆ ಇಪ್ಪತ್ತನೆಯ ಶತಮಾನದ ಭಾರತದ ಅತ್ಯುತ್ತಮ ಭಿತ್ತಿಚಿತ್ರ ಇದೇ.

ವಸ್ತುವೂ ಸುಮ್ಮನೆ ಬಂದದ್ದಲ್ಲ. ಹಿಂದಿ ಭವನವನ್ನು ನಡೆಸುತ್ತಿದ್ದವರು ಕಬೀರನ ಬಗ್ಗೆ ಆಳವಾಗಿ ಬರೆದ ಹಜಾರಿ ಪ್ರಸಾದ್ ದ್ವಿವೇದಿ. ಸಂತರ ಹಾಡುಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಕ್ಷಿತಿಮೋಹನ ಸೇನರೂ ಶಾಂತಿನಿಕೇತನದವರೇ. ನೇಕಾರ, ಕುರುಡ ಹಾಡುಗಾರ, ಆಚಾರ್ಯ, ಯೋಧ ಎಲ್ಲರೂ ಒಂದೇ ಜನಪ್ರವಾಹದಲ್ಲಿ ಬರುತ್ತಾರೆ. ದೇಶ ಧರ್ಮದ ಹೆಸರಿನಲ್ಲಿ ಒಡೆಯುತ್ತಿದ್ದ ಆ ಎರಡು ವರ್ಷಗಳಲ್ಲಿ ಇದನ್ನು ಬರೆದರು ಎನ್ನುವುದನ್ನು ಮರೆಯಬಾರದು. ಮೇಲುಕೋಟೆಯಲ್ಲಿ ವರ್ಷಗಟ್ಟಲೆ ನೆಲೆಸಿದ್ದ ರಾಮಾನುಜರನ್ನು ಬಂಗಾಳದ ಗೋಡೆಯ ಮೇಲೆ, ಉತ್ತರದ ಸಂತರ ಸಾಲಿನಲ್ಲಿ ಕಾಣುವುದು ಕನ್ನಡಿಗರಿಗೆ ಬೇರೆಯೇ ಅನುಭವ.

ಗಾರೆ ಕಲಸಲು, ಬಣ್ಣ ಅರೆಯಲು, ಬಳಿಯಲು, ಬರೆಯಲು ವಿದ್ಯಾರ್ಥಿಗಳು ಜೊತೆಯಲ್ಲಿದ್ದರು. ಕೆ.ಜಿ. ಸುಬ್ರಮಣ್ಯನ್, ಜಿತೇಂದ್ರ ಕುಮಾರ್, ದೇವಕೀನಂದನ ಶರ್ಮಾ, ಬಿನೋದ್ ಬಿಹಾರಿಯವರ ಪತ್ನಿ ಲೀಲಾ ಅವರಲ್ಲಿ ಕೆಲವರು. ಕಲಾಭವನದಲ್ಲಿ ಪಾಠ ಎಂದರೆ ಬಹುಮಟ್ಟಿಗೆ ಇದೇ. ಹದ ಬಂದ ಗಾರೆ ಯಾರಿಗೂ ಕಾಯುವುದಿಲ್ಲವಾದ್ದರಿಂದ ಗುರುವಿನ ನಿರ್ಧಾರಗಳನ್ನು ಶಿಷ್ಯ ಆ ಕ್ಷಣದಲ್ಲೇ, ಪಕ್ಕದಲ್ಲೇ ನಿಂತು ನೋಡುತ್ತಾನೆ. ಈ ಪಾಠ ಮುಂದೆ ಎಲ್ಲೆಲ್ಲಿಗೋ ಹೋಯಿತು. ದೇವಕೀನಂದನ ಶರ್ಮಾ ರಾಜಸ್ಥಾನದ ವನಸ್ಥಲಿಯಲ್ಲಿ ವರ್ಷವರ್ಷವೂ ಭಿತ್ತಿಚಿತ್ರದ ಶಿಬಿರ ನಡೆಸಿದರು. ಸುಬ್ರಮಣ್ಯನ್ 1951ರಿಂದ ಬರೋಡಾದಲ್ಲಿ ಕಲಿಸಿದರು. ಬರೋಡಾಕ್ಕೆ ಹೋಗಿ ಕಲಿತು ಬಂದ ನಮ್ಮ ಎಷ್ಟೋ ಕಲಾವಿದರಿಗೆ ಆ ದಾರಿಯಲ್ಲಿ ಬಿನೋದ್ ಬಿಹಾರಿಯವರ ಪಾಠದ ಒಂದು ಪಾಲು ತಲುಪಿದೆ.

ಕಣ್ಣು ಹೋದ ಮೇಲೆ

1949ರಲ್ಲಿ ಅವರು ಶಾಂತಿನಿಕೇತನ ಬಿಟ್ಟು ಕಠ್ಮಂಡುವಿನ ವಸ್ತುಸಂಗ್ರಹಾಲಯದ ಕ್ಯುರೇಟರ್ ಆದರು. ಆಮೇಲೆ ವನಸ್ಥಲಿಯಲ್ಲಿ ಕಲಿಸಿದರು, ಮಸ್ಸೂರಿಯಲ್ಲಿ ಲೀಲಾ ಅವರೊಂದಿಗೆ ಒಂದು ಕಲಾಶಾಲೆ ನಡೆಸಿದರು. ನೇಪಾಳದ ಬೀದಿ, ಹೊರೆಯಾಳುಗಳ ರೇಖಾಚಿತ್ರಗಳು ಈ ಕಾಲದ ಒಳ್ಳೆಯ ಫಲ. 1957ರಲ್ಲಿ ದೃಷ್ಟಿ ಹೋಯಿತು. 1958ರಲ್ಲಿ ಕಲಾಭವನಕ್ಕೆ ಮರಳಿ ಕಲೆಯ ಇತಿಹಾಸ, ತತ್ತ್ವ ಕಲಿಸಲು ನಿಂತರು. ಕೃತಿಗಳೆಲ್ಲ ನೆನಪಿನಲ್ಲಿದ್ದವು.

ಅಂಧತ್ವದಲ್ಲಿ ಅವರು ಹಿಡಿದ ಒಂದೊಂದು ಸಾಧನಕ್ಕೂ ಅದರದೇ ತರ್ಕ ಇದೆ. ಸ್ಕೆಚ್ ಪೆನ್ನಿನ ಗೆರೆಯನ್ನೇ ತೆಗೆದುಕೊಳ್ಳಿ. ಎಡಗೈ ಬೆರಳನ್ನು ಕಾಗದದ ಮೇಲೆ ಊರಿ ಜಾಗ ಗುರುತಿಟ್ಟುಕೊಳ್ಳುತ್ತಾರೆ, ಬಲಗೈ ಅಲ್ಲಿಂದ ಹೊರಡುತ್ತದೆ. ಪೆನ್ನಿನ ಗೆರೆ ಕಾಗದದಲ್ಲಿ ತಗ್ಗು ಮಾಡುವುದಿಲ್ಲ. ಎಳೆದಾದ ಮೇಲೆ ಕೈಗೆ ಸಿಗುವುದಿಲ್ಲ. ಆದ್ದರಿಂದ ಕೈ ಎತ್ತಿದರೆ ದಾರಿ ತಪ್ಪುವ ಅಪಾಯ. ತಲೆಯಿಂದ ಹೆಗಲಿಗೆ, ಹೆಗಲಿನಿಂದ ಮೊಣಕಾಲಿಗೆ ಗೆರೆ ಸಾಧ್ಯವಾದಷ್ಟು ಒಂದೇ ಓಟದಲ್ಲಿ ಹೋಗಬೇಕು, ಇಲ್ಲವೇ ಎಡಗೈ ಹಿಡಿದಿಟ್ಟ ಗುರುತಿಗೆ ಮರಳಬೇಕು. ಈ ಗೆರೆಗಳಲ್ಲಿ ಅಲ್ಲಲ್ಲಿ ಒಂದರ ಮೇಲೊಂದು ದಾಟುವುದು, ತುದಿ ಕೂಡದೆ ಉಳಿಯುವುದು ಕಾಣುತ್ತದೆ. ಆದರೂ ದೇಹದ ಭಾರ ಯಾವ ಕಾಲಿನ ಮೇಲಿದೆ ಎನ್ನುವುದು ಒಂದರಲ್ಲೂ ತಪ್ಪಿಲ್ಲ.

ಕಾಗದ ಕತ್ತರಿಸುವುದು ಇದಕ್ಕಿಂತ ಬೇರೆ. ಕತ್ತರಿಸಿದ ಅಂಚು ಕೈಗೆ ಸಿಗುತ್ತದೆ. ಮಡಿಸಿದ ಗೆರೆ ಉಗುರಿಗೆ ಸಿಗುತ್ತದೆ. ಒಂದು ತುಂಡಿನ ಮೇಲೆ ಇನ್ನೊಂದನ್ನು ಇಟ್ಟು, ಎಷ್ಟು ಮುಚ್ಚಿತು ಎಂದು ಬೆರಳಿನಿಂದ ಅಳೆದು, ಸರಿಸಿ, ಆಮೇಲೆ ಅಂಟಿಸಬಹುದು. ಸಿಗದೇ ಇರುವುದು ಬಣ್ಣ ಮಾತ್ರ. ಅದನ್ನು ಪಕ್ಕದಲ್ಲಿದ್ದವರನ್ನು ಕೇಳಬೇಕು. ಕಾಗದದ ಬಣ್ಣವನ್ನು ಹೆಸರಿನಿಂದ ತಿಳಿದು, ಪಕ್ಕಪಕ್ಕ ಇಟ್ಟರೆ ಹೇಗೆ ಕಂಡೀತು ಎಂದು ನೆನಪಿನಿಂದ ತೀರ್ಮಾನಿಸಬೇಕು. ಮುಪ್ಪಿನಲ್ಲಿ ಕತ್ತರಿ ಹಿಡಿದ ಫ್ರಾನ್ಸಿನ ಚಿತ್ರಕಾರ ಮತೀಸ್ ಜೊತೆ ಈ ಕೆಲಸವನ್ನು ಹೋಲಿಸುವುದುಂಟು. ಮತೀಸ್ ಮುಖ್ಯವಾಗಿ ಬಣ್ಣದಿಂದ ಯೋಚಿಸಿದರು. ಬಿನೋದ್ ಬಿಹಾರಿ ಅಂಚಿನಿಂದ, ಪದರದಿಂದ ಯೋಚಿಸಿದರು. ಈ ಕಾಗದದ ಚಿತ್ರಗಳನ್ನು ಹಿಂದಿ ಭವನದ ಗೋಡೆಯ ಪಕ್ಕ ಇಟ್ಟು ನೋಡಿ: ಅದೇ ಪದರ ಜೋಡಣೆ, ಅದೇ ಕಂಬದಂಥ ಆಕೃತಿ, ಅದೇ ಮುಚ್ಚು-ತೆರೆ. ಕಣ್ಣಿದ್ದಾಗ ಕಟ್ಟಿದ ವ್ಯಾಕರಣವೇ ಇಲ್ಲಿ ಬೆರಳಿಗೆ ಇಳಿದಿದೆ.

1972ರಲ್ಲಿ ಕಲಾಭವನದ ಹೊರಗೋಡೆಗೆ ಟೈಲುಗಳ ಭಿತ್ತಿಚಿತ್ರ ಮಾಡಿದರು. ಟೈಲಿಗೆ ಹಸಿ ಗಾರೆಯ ಅವಸರ ಇಲ್ಲ. ಕಾಗದದಲ್ಲಿ ಮಡಿಸಿ, ಕತ್ತರಿಸಿ ಖಚಿತ ಮಾಡಿಕೊಂಡ ರೂಪವನ್ನು ವಿದ್ಯಾರ್ಥಿಗಳ ಸಹಾಯದಿಂದ ತುಂಡು ತುಂಡಾಗಿ ಜೋಡಿಸಬಹುದು, ಅಂಟಿಸುವ ಮೊದಲು ಕೈಯಾಡಿಸಿ ತಿದ್ದಬಹುದು. ಬಿಸಿಲು ಮಳೆಗೆ ಬಣ್ಣ ಮಾಸುವ ಭಯವೂ ಇಲ್ಲ. ಕಾಣದ ಕಲಾವಿದನಿಗೆ ಹೊರಗೋಡೆಯ ಮೇಲೆ ಕೆಲಸ ಮಾಡಲು ಇದಕ್ಕಿಂತ ಸರಿಯಾದ ಮಾಧ್ಯಮ ಇರಲಾರದು.

1974ರಲ್ಲಿ ಪದ್ಮವಿಭೂಷಣ, 1977ರಲ್ಲಿ ಶಾಂತಿನಿಕೇತನದ ವಿಶ್ವವಿದ್ಯಾಲಯ ವಿಶ್ವಭಾರತಿಯ ದೇಶಿಕೋತ್ತಮ ಗೌರವ ಬಂದವು. ಬಂಗಾಳಿಯಲ್ಲಿ ಬರೆಸಿದ ಆತ್ಮಕಥನಕ್ಕೆ 1980ರಲ್ಲಿ ರವೀಂದ್ರ ಪುರಸ್ಕಾರ ಸಿಕ್ಕಿತು. ಅದೇ ವರ್ಷ ನವೆಂಬರ್ 11ರಂದು ತೀರಿಕೊಂಡರು. ಮಗಳು ಮೃಣಾಲಿನಿ ಮುಖರ್ಜಿ, ಹುರಿ ಮತ್ತು ನಾರಿನ ಗಂಟುಗಳಿಂದ ಶಿಲ್ಪ ಕಟ್ಟಿದವರು, ಬರೋಡಾದಲ್ಲಿ ಸುಬ್ರಮಣ್ಯನ್ ಅವರ ಶಿಷ್ಯೆ.

ನೋಡುವವರಿಗೆ, ಕಾಪಾಡುವವರಿಗೆ

ಇಷ್ಟು ದೊಡ್ಡ ಕಲಾವಿದನ ಹೆಸರು ಯಾಕೆ ಮನೆಮಾತಾಗಲಿಲ್ಲ ಎನ್ನುವುದಕ್ಕೆ ಮುಖ್ಯ ಕಾರಣ ಗೋಡೆ. ಭಿತ್ತಿಚಿತ್ರ ಹರಾಜಿಗೆ ಬರುವುದಿಲ್ಲ, ಪ್ರದರ್ಶನಕ್ಕೆ ಪ್ರಯಾಣ ಮಾಡುವುದಿಲ್ಲ, ಅದರ ಛಾಯಾಚಿತ್ರ ಒಂದು ತುಂಡನ್ನಷ್ಟೇ ತೋರಿಸುತ್ತದೆ. 2006-07ರಲ್ಲಿ ಗುಲಾಂ ಮಹಮ್ಮದ್ ಶೇಖ್ ಮತ್ತು ಆರ್. ಶಿವಕುಮಾರ್ ರಾಷ್ಟ್ರೀಯ ಆಧುನಿಕ ಕಲಾ ಸಂಗ್ರಹಾಲಯಕ್ಕಾಗಿ ರೂಪಿಸಿದ ಶತಮಾನೋತ್ಸವ ಪ್ರದರ್ಶನ ಅವರ ಬಿಡಿ ಕೃತಿಗಳನ್ನು ಒಂದೆಡೆ ತಂದಿತು. ಗೋಡೆಗಳನ್ನು ನೋಡಲು ಮಾತ್ರ ಶಾಂತಿನಿಕೇತನಕ್ಕೇ ಹೋಗಬೇಕು. 2023ರ ಸೆಪ್ಟೆಂಬರ್‌ನಲ್ಲಿ ಶಾಂತಿನಿಕೇತನ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಹಿಂ‌ದಿ ಭವನ, ಚೀನಾ ಭವನ ಎರಡೂ ಇಂದಿಗೂ ವಿಭಾಗಗಳು ನಡೆಯುವ ಕಟ್ಟಡಗಳಾದ್ದರಿಂದ ಒಳಗೆ ಹೋಗಲು ಮೊದಲೇ ಅನುಮತಿ ಕೇಳಿಕೊಳ್ಳುವುದು ಒಳ್ಳೆಯದು.

ಸುಣ್ಣದ ಚಿತ್ರ ಗಟ್ಟಿ, ಆದರೆ ಅದರ ಶತ್ರು ನೀರು. ಮಾಡು ಸೋರಿದರೆ, ಬುಡದಿಂದ ತೇವ ಏರಿದರೆ, ಗೋಡೆಯೊಳಗಿನ ಉಪ್ಪು ಕರಗಿ ಮೇಲ್ಮೈಗೆ ಬಂದು ಹರಳಾಗುತ್ತದೆ. ಹರಳು ಬೆಳೆಯುವಾಗ ಬಣ್ಣದ ಪದರವನ್ನೇ ಒಳಗಿನಿಂದ ತಳ್ಳುತ್ತದೆ. ಹಳೆಯ ಸುಣ್ಣದ ಗೋಡೆಗೆ ಪಕ್ಕದಲ್ಲಿ ಸಿಮೆಂಟಿನ ತೇಪೆ ಹಾಕುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಸಿಮೆಂಟು ತೇವವನ್ನು ಹೊರಬಿಡುವುದಿಲ್ಲ, ಜೊತೆಗೆ ಉಪ್ಪನ್ನೂ ತರುತ್ತದೆ. ತೇವ ದಾರಿ ಹುಡುಕಿಕೊಂಡು ಚಿತ್ರದ ಕಡೆಗೇ ಬರುತ್ತದೆ. ಹೊಳಪಿಗೆಂದು ವಾರ್ನಿಷ್ ಬಳಿದರೂ ಅದೇ ಗತಿ, ಪದರ ಹಪ್ಪಳದಂತೆ ಏಳುತ್ತದೆ. ಮೊದಲು ಮಾಡಿನ ಸೋರಿಕೆ ನಿಲ್ಲಿಸಬೇಕು, ಗೋಡೆ ತಾನಾಗಿ ಒಣಗಲು ತಿಂಗಳುಗಟ್ಟಲೆ ಬಿಡಬೇಕು, ತೇಪೆಗೆ ಸುಣ್ಣದ ಗಾರೆಯನ್ನೇ ಬಳಸಬೇಕು. ಚಿತ್ರದ ಮೇಲ್ಮೈಯನ್ನು ಮುಟ್ಟುವ ಕೆಲಸ ಆಮೇಲಿನದು, ಅದೂ ಭಿತ್ತಿಚಿತ್ರ ಸಂರಕ್ಷಣೆಯಲ್ಲಿ ಪಳಗಿದವರ ಕೈಯಿಂದಲೇ ಆಗಬೇಕು.